ಹವಳದ ದಿಬ್ಬದ ಬುಡದಲ್ಲಿ ನಾಲ್ಕು ಹಡಗುಗಳು: ಕಡಲಿನಲ್ಲಿ ಮುಳುಗಿದ ಸರಕಿಗೆ ಹೊಣೆ ಯಾರು?

ಸಾಗರ ಸಾಗಣೆಯ ನಷ್ಟ ಮತ್ತು ವಿಮೆಯನ್ನು ಕುರಿತು ನಮ್ಮಲ್ಲಿ ಪ್ರಕಟವಾಗುವ ಲೇಖನಗಳು ಸಾಮಾನ್ಯವಾಗಿ ಕಾಯ್ದೆಯ ಕಲಮುಗಳಿಂದ ಆರಂಭವಾಗುತ್ತವೆ. ಪ್ರಸ್ತುತ ಲೇಖನವು ಸಮುದ್ರದ ತಳದಿಂದ ಆರಂಭವಾಗುತ್ತದೆ. ಗ್ರಾನೈಟ್ ಕಲ್ಲನ್ನು ಹಲಗೆಗಳಾಗಿ ಕೊಯ್ದು, ಮೆರುಗು ಕೊಟ್ಟು, ವರ್ಷಕ್ಕೆ ಕೆಲವು ಕಂಟೇನರ್‌ಗಳಷ್ಟು ರಫ್ತು ಮಾಡುವ ಸಣ್ಣ ಘಟಕವೊಂದರ ಮಾಲೀಕನಾದ ನಾನು, ವ್ಯಾಪಾರದ ಕೆಲಸಕ್ಕಾಗಿ ಕೈರೋ ನಗರಕ್ಕೆ ಹೋಗಿದ್ದಾಗ, ಕೆಲಸ ಮುಗಿದ ಮೇಲೆ ಉಳಿದ ಮೂರು ದಿನಗಳನ್ನು ಈಜಿಪ್ಟಿನ ಕೆಂಪು ಸಮುದ್ರ ತೀರದ ಹುರ್ಗಾಡಾದಲ್ಲಿ ಕಳೆದೆ. ಅವುಗಳಲ್ಲಿ ಒಂದು ದಿನ ಅಬು ನುಹಾಸ್ ಎಂಬ ಹವಳದ ದಿಬ್ಬದ ಸುತ್ತ ಸ್ಕೂಬಾ ಡೈವಿಂಗ್ ಮಾಡಿದೆ. ಹತ್ತು ವರ್ಷಗಳ ರಫ್ತು ವ್ಯವಹಾರದಲ್ಲಿ ಅರ್ಥವಾಗದೆ ಉಳಿದಿದ್ದ ಒಂದು ಸಂಗತಿ ಆ ದಿನ ನನಗೆ ಅರ್ಥವಾಯಿತು. ಅದನ್ನು ಸದಸ್ಯ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ದಿಬ್ಬದ ಸ್ವರೂಪ

ಸೂಯೆಜ್ ಕಾಲುವೆಯಿಂದ ದಕ್ಷಿಣಕ್ಕೆ ಬರುವ ಹಡಗುಗಳು ಸೂಯೆಜ್ ಕೊಲ್ಲಿಯನ್ನು ದಾಟಿ, ಗುಬಾಲ್ ಜಲಸಂಧಿಯ ಮೂಲಕ ಕೆಂಪು ಸಮುದ್ರವನ್ನು ಪ್ರವೇಶಿಸುತ್ತವೆ. ಆ ಬಾಗಿಲಿನ ಬಳಿ ಶದ್ವಾನ್ ಎಂಬ ದ್ವೀಪವಿದೆ. ಅದರ ವಾಯವ್ಯಕ್ಕೆ, ಹಡಗುಗಳ ಹೆದ್ದಾರಿಯ ಅಂಚಿನಲ್ಲಿಯೇ, ತ್ರಿಕೋನಾಕಾರದ ಅಬು ನುಹಾಸ್ ದಿಬ್ಬವಿದೆ. ಅರಬ್ಬೀ ಭಾಷೆಯಲ್ಲಿ ನುಹಾಸ್ ಎಂದರೆ ತಾಮ್ರ. ಇಲ್ಲಿ ಮುಳುಗಿದ ಹಡಗೊಂದರ ತಾಮ್ರದ ಸರಕಿನಿಂದ ಈ ಹೆಸರು ಬಂದಿತೆಂದು ಹೇಳುವವರಿದ್ದಾರೆ.

ಹವಳದ ದಿಬ್ಬವು ಹಡಗಿಗೆ ಏಕೆ ಇಷ್ಟು ಅಪಾಯಕಾರಿ ಎಂಬುದನ್ನು ಮೊದಲು ತಿಳಿಯಬೇಕು. ಹವಳವೆಂಬುದು ಕಲ್ಲಲ್ಲ, ಸುಣ್ಣದ ಗೂಡನ್ನು ಕಟ್ಟಿಕೊಂಡು ಬಾಳುವ ಸಣ್ಣ ಜೀವಿಗಳ ಸಮೂಹ. ಅದಕ್ಕೆ ಸೂರ್ಯನ ಬೆಳಕು ಬೇಕು. ಆದುದರಿಂದ ಅದು ಬೆಳಕಿನ ಕಡೆಗೆ ಮೇಲಕ್ಕೆ ಬೆಳೆಯುತ್ತದೆ. ಆದರೆ ನೀರಿನಿಂದ ಹೊರಗೆ ಬದುಕಲಾರದೆ ಮೇಲ್ಮೈಯ ಸ್ವಲ್ಪ ಕೆಳಗೆ ನಿಂತುಬಿಡುತ್ತದೆ. ದ್ವೀಪವಾದರೆ ಕಣ್ಣಿಗೆ ಕಾಣುತ್ತದೆ, ದಿಬ್ಬ ಕಾಣುವುದಿಲ್ಲ. ಗಾಳಿ ಇದ್ದಾಗ ಅಲೆಗಳು ಒಡೆದು ಬಿಳಿನೊರೆ ಏಳುವುದರಿಂದ ಸುಳಿವು ಸಿಗುತ್ತದೆ. ಶಾಂತವಾದ ರಾತ್ರಿಯಲ್ಲಿ ಆ ಸುಳಿವೂ ಇಲ್ಲ. ಬದಿಗಳಾದರೋ ಗೋಡೆಯಂತೆ ನೇರವಾಗಿ ಕೆಳಗಿಳಿಯುತ್ತವೆ. ಹಡಗಿನ ಮುಂಭಾಗವು ದಿಬ್ಬಕ್ಕೆ ತಾಗುವ ವೇಳೆಗೆ ಹಿಂಭಾಗದ ಕೆಳಗೆ ಇಪ್ಪತ್ತೈದು ಮೀಟರ್ ನೀರಿರುತ್ತದೆ.

ಬೆಳಿಗ್ಗೆ ಆರು ಗಂಟೆಗೆ ಹೊರಟ ನಮ್ಮ ದೋಣಿ ಎರಡು ಗಂಟೆಗೂ ಮಿಕ್ಕಿ ಸಾಗಿ ದಿಬ್ಬದ ದಕ್ಷಿಣದ ಮಗ್ಗುಲಲ್ಲಿ ಲಂಗರು ಹಾಕಿತು. ಈ ಭಾಗದಲ್ಲಿ ಗಾಳಿ ಬಹುಪಾಲು ಉತ್ತರದಿಂದ ಬೀಸುವುದರಿಂದ ದಕ್ಷಿಣದ ನೀರು ಕೆರೆಯಂತೆ ನಿಶ್ಚಲವಾಗಿರುತ್ತದೆ. ಹಡಗುಗಳು ಮಲಗಿರುವುದು ಉತ್ತರದ ಮಗ್ಗುಲಲ್ಲಿ. ಅಲ್ಲಿಗೆ ಸಣ್ಣ ರಬ್ಬರ್ ದೋಣಿಯಲ್ಲಿ, ಅಲೆಗಳ ಏಟನ್ನು ತಿನ್ನುತ್ತ ಹೋಗಬೇಕು.

ಉಸಿರಿನ ಲೆಕ್ಕ

ಸ್ಕೂಬಾ ವಿಚಾರವನ್ನು ಅರಿಯದ ಓದುಗರಿಗಾಗಿ ಒಂದೆರಡು ಮಾತು. ನಾನು ಈ ವಿದ್ಯೆಯನ್ನು ಕಲಿತದ್ದು ನಮ್ಮ ಮುರುಡೇಶ್ವರದಲ್ಲಿ, ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ. ಮೊದಲ ಹಂತದ ಪ್ರಮಾಣಪತ್ರ ಪಡೆದವರು 18 ಮೀಟರ್ ಆಳದವರೆಗೆ, ಮುಂದಿನ ಹಂತದವರು 30 ಮೀಟರ್‌ವರೆಗೆ ಇಳಿಯಬಹುದು. ಅಬು ನುಹಾಸ್‌ನ ಹಡಗುಗಳ ಬಹುಭಾಗ 20ರಿಂದ 27 ಮೀಟರ್ ಆಳದಲ್ಲಿರುವುದರಿಂದ ಎರಡನೆಯ ಹಂತವನ್ನು ಮುಗಿಸಿ ಹೋಗುವುದು ಲೇಸು.

ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿಯು ಮೇಲ್ಮೈಯ ಲೆಕ್ಕದಲ್ಲಿ 2400 ಲೀಟರ್ ಆಗುತ್ತದೆ. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ಅದು ಮೇಲೆ ಎರಡು ಗಂಟೆ ಬಂದರೆ, 20 ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟಾಗುವುದರಿಂದ ನಲವತ್ತು ನಿಮಿಷ ಮಾತ್ರ ಬರುತ್ತದೆ. ಅದರಲ್ಲೂ 50 ಬಾರ್‌ನಷ್ಟನ್ನು ಮೀಸಲಾಗಿ ಇಟ್ಟುಕೊಂಡೇ ಮೇಲೇರಬೇಕು. ಏರುವಾಗ ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು. ಮೀಸಲು ನಿಧಿಯನ್ನು ಮುಟ್ಟಬಾರದೆಂಬ ಮಾತನ್ನು ನಮ್ಮ ಲೆಕ್ಕಪರಿಶೋಧಕರು ಎಷ್ಟು ಬಾರಿ ಹೇಳಿದ್ದರೋ, ನನಗೆ ಅದು ನಾಟಿದ್ದು ನೀರಿನೊಳಗೆ ಒತ್ತಡಮಾಪಕದ ಮುಳ್ಳನ್ನು ನೋಡುವಾಗ.

ಮರದ ಹಡಗು

ಮೊದಲು ಇಳಿದದ್ದು ಜಿಯಾನಿಸ್ ಡಿ ಎಂಬ ಗ್ರೀಕ್ ಸರಕು ಹಡಗಿಗೆ. 1969ರಲ್ಲಿ ಜಪಾನಿನಲ್ಲಿ ನಿರ್ಮಾಣವಾದ, ಸುಮಾರು ನೂರು ಮೀಟರ್ ಉದ್ದದ ಈ ಹಡಗು 1983ರ ಏಪ್ರಿಲ್‌ನಲ್ಲಿ ಅಂದಿನ ಯುಗೊಸ್ಲಾವಿಯಾದ ರಿಯೇಕಾ ಬಂದರಿನಿಂದ ಕೊಯ್ದ ಮರವನ್ನು ತುಂಬಿಕೊಂಡು ಜೆದ್ದಾ ಮತ್ತು ಹೊದೈದಾಗಳಿಗೆ ಹೊರಟಿತ್ತು. ಏಪ್ರಿಲ್ 19ರಂದು ಪೂರ್ಣ ವೇಗದಲ್ಲಿ ದಿಬ್ಬಕ್ಕೆ ಅಪ್ಪಳಿಸಿತು. ನಡುಭಾಗ ಕುಸಿದುಹೋಗಿದೆ. ಹಿಂಭಾಗ ಮಾತ್ರ ಎಡಕ್ಕೆ ವಾಲಿಕೊಂಡು ಬಹುಮಟ್ಟಿಗೆ ಇಡಿಯಾಗಿ ಉಳಿದಿದೆ. ಹೊಗೆಕೊಳವೆಯ ಮೇಲೆ ಮಾಲೀಕ ಸಂಸ್ಥೆಯ ಗುರುತಾದ ದೊಡ್ಡ ಡಿ ಅಕ್ಷರ ಇಂದಿಗೂ ಕಾಣುತ್ತದೆ. ಒಳಗಿನ ಮೆಟ್ಟಿಲು, ಬಾಗಿಲು, ಕೈಪಿಡಿಗಳೆಲ್ಲ ಓರೆಯಾಗಿರುವುದರಿಂದ ಎಂಜಿನ್ ಕೋಣೆಗೆ ಹೊಕ್ಕವನಿಗೆ ಮೇಲು ಕೆಳಗುಗಳ ಅರಿವು ತಪ್ಪಿ ತಲೆ ಸುತ್ತುತ್ತದೆ. ನಾನು ಬಾಗಿಲಿನಿಂದಲೇ ಹಿಂದಿರುಗಿದೆ. ಸರಕಿನ ಮರದ ಸುಳಿವು ನನ್ನ ಕಣ್ಣಿಗೆ ಎಲ್ಲಿಯೂ ಬೀಳಲಿಲ್ಲ.

ಕಾರ್ನಾಟಿಕ್

ಎರಡನೆಯದು ನಮ್ಮ ನಾಡಿನ ಹೆಸರನ್ನು ಹೊತ್ತ ಹಡಗು. ಲಂಡನ್ನಿನಲ್ಲಿ ಕಟ್ಟಿ 1862ರ ಕೊನೆಯಲ್ಲಿ ನೀರಿಗಿಳಿಸಿದ ಪಿ ಅಂಡ್ ಓ ಕಂಪನಿಯ ಕಾರ್ನಾಟಿಕ್, ಹಾಯಿ ಮತ್ತು ಉಗಿ ಎರಡರಿಂದಲೂ ಚಲಿಸುತ್ತಿತ್ತು. ಆಗ ಸೂಯೆಜ್ ಕಾಲುವೆ ಇನ್ನೂ ತೆರೆದಿರಲಿಲ್ಲ. ಇಂಗ್ಲೆಂಡಿನ ಸರಕು ಅಲೆಕ್ಸಾಂಡ್ರಿಯಾದಲ್ಲಿ ಇಳಿದು, ರೈಲಿನಲ್ಲಿ ಸೂಯೆಜ್ ತಲುಪಿ, ಅಲ್ಲಿ ಮತ್ತೆ ಹಡಗು ಹತ್ತುತ್ತಿತ್ತು. 1869ರ ಸೆಪ್ಟೆಂಬರ್‌ನಲ್ಲಿ ಬಟ್ಟೆಯ ಮೂಟೆಗಳು, ತಾಮ್ರದ ತಗಡು, ಅಂಚೆ ಮತ್ತು 40,000 ಪೌಂಡ್ ಮೌಲ್ಯದ ನಾಣ್ಯಗಳೊಂದಿಗೆ ಮುಂಬಯಿಗೆ ಹೊರಟ ಕಾರ್ನಾಟಿಕ್, 13ನೆಯ ತಾರೀಖಿನ ನಸುಕಿಗೂ ಮುಂಚೆ ದಿಬ್ಬಕ್ಕೆ ಏರಿತು.

ಮುಂದೆ ನಡೆದದ್ದು ವ್ಯಾಪಾರಿಗಳು ಗಮನಿಸತಕ್ಕದ್ದು. ಹಡಗು ತಕ್ಷಣ ಮುಳುಗಲಿಲ್ಲ. ನೀರೆತ್ತುವ ಪಂಪುಗಳು ಕೆಲಸ ಮಾಡುತ್ತಿದ್ದವು. ಅದೇ ಕಂಪನಿಯ ಸುಮಾತ್ರಾ ಹಡಗು ಆ ದಾರಿಯಲ್ಲಿ ಬರುವುದಿತ್ತು. ಆದುದರಿಂದ ಕಪ್ತಾನನು ಪ್ರಯಾಣಿಕರನ್ನು ಇಳಿಸದೆ ಕಾದನು. ಭಾರವನ್ನು ಇಳಿಸಲು ಸರಕಿನ ಕೆಲವು ಮೂಟೆಗಳನ್ನು ಸಮುದ್ರಕ್ಕೆ ಎಸೆಯಲಾಯಿತೆನ್ನಲಾಗಿದೆ. ಮರುದಿನ 14ರಂದು, ಪ್ರಯಾಣಿಕರು ದೋಣಿಗಳಿಗೆ ಇಳಿಯತೊಡಗಿದ ಹೊತ್ತಿಗೆ, ಹಡಗು ಎರಡಾಗಿ ಮುರಿಯಿತು. ಇಪ್ಪತ್ತೈದಕ್ಕೂ ಹೆಚ್ಚು ಜನ ಸತ್ತರು. ಉಳಿದವರು ಶದ್ವಾನ್ ದ್ವೀಪವನ್ನು ಸೇರಿ, ಸುಮಾತ್ರಾ ಹಡಗಿನಿಂದ ರಕ್ಷಿಸಲ್ಪಟ್ಟರು. ಕೆಲವೇ ವಾರಗಳಲ್ಲಿ ವಿಮೆದಾರರ ಪರವಾಗಿ ಬಂದ ಮುಳುಗುಗಾರರು, ಭಾರವಾದ ಲೋಹದ ಶಿರಸ್ತ್ರಾಣದ ಆ ಕಾಲದಲ್ಲಿ, ನಾಣ್ಯಗಳ ಬಹುಭಾಗವನ್ನು ಮೇಲಕ್ಕೆತ್ತಿದರು. ಕಪ್ತಾನನ ಪರವಾನಗಿಯನ್ನು ಕೆಲವು ತಿಂಗಳ ಕಾಲ ಅಮಾನತಿನಲ್ಲಿಡಲಾಯಿತು. ಅದೇ ನವೆಂಬರ್ 17ರಂದು ಸೂಯೆಜ್ ಕಾಲುವೆ ತೆರೆಯಿತು.

ಇಂದು ಕಾರ್ನಾಟಿಕ್ ಎಡ ಮಗ್ಗುಲಾಗಿ ಮಲಗಿದೆ. ಹೊರಮೈಯ ಮರದ ಹಲಗೆಗಳು ಕೊಳೆತುಹೋಗಿ ಕಬ್ಬಿಣದ ಪಕ್ಕೆಲುಬುಗಳು ಮಾತ್ರ ನಿಂತಿವೆ. ಒಳಗೆ ನಿಂತು ನೋಡಿದರೆ ಹಾಳುಬಿದ್ದ ಮಂಟಪದ ಕಂಬಸಾಲಿನಂತೆ ತೋರುತ್ತದೆ. ಕಂಬಗಳ ನಡುವಿನಿಂದ ಬೆಳಕು ಓರೆಯಾಗಿ ಬೀಳುತ್ತದೆ. ಗಾಜಿನಂತೆ ಪಾರದರ್ಶಕವಾದ ಸಣ್ಣ ಮೀನುಗಳ ಹಿಂಡು ಒಂದೇ ಮೈಯಾಗಿ ದಾರಿ ಬಿಡುತ್ತದೆ. ಒಂದೂವರೆ ಶತಮಾನದಲ್ಲಿ ಮೆದು ಹವಳಗಳು ಪ್ರತಿಯೊಂದು ತೊಲೆಯಿಂದಲೂ ಇಳಿಬಿದ್ದಿವೆ. ಆ ಆಳದಲ್ಲಿ ಕೆಂಪು ಬಣ್ಣ ನೀರಿನಲ್ಲಿ ಹೀರಿಹೋಗುವುದರಿಂದ ಅವು ಬೂದು ಬಣ್ಣವಾಗಿ ಕಾಣುತ್ತವೆ. ಟಾರ್ಚ್ ಹಾಕಿದೊಡನೆ ಕುಂಕುಮದಂತೆ ಹೊಳೆಯುತ್ತವೆ. ನಲವತ್ತು ನಿಮಿಷ ಹೇಗೆ ಕಳೆಯಿತೆಂಬುದೇ ತಿಳಿಯಲಿಲ್ಲ.

ಟೈಲ್ಸ್ ಹಡಗು ಮತ್ತು ಬೇಳೆಯ ಹಡಗು

ಊಟದ ನಂತರ ಮೂರನೆಯ ಬಾರಿ, ಹೆಚ್ಚು ಆಳಕ್ಕೆ ಹೋಗದೆ, ಕ್ರಿಸೌಲಾ ಕೆ ಎಂಬ ಹಡಗನ್ನು ನೋಡಿದೆವು. ಇಟಲಿಯಿಂದ ನೆಲಹಾಸಿನ ಟೈಲ್ಸ್ ತುಂಬಿಕೊಂಡು ಜೆದ್ದಾಕ್ಕೆ ಹೊರಟಿದ್ದ ಇದು 1981ರ ಆಗಸ್ಟ್ 31ರಂದು ಇಲ್ಲಿ ಮುಳುಗಿತು. ಸರಕಿನ ಒಡಲಿನೊಳಗೆ ಟೈಲ್ಸ್ ಕಟ್ಟುಗಳು ಜೋಡಿಸಿದಂತೆಯೇ ಸಾಲುಸಾಲಾಗಿವೆ. ರಟ್ಟಿನ ಪೆಟ್ಟಿಗೆಗಳು ಕರಗಿಹೋಗಿವೆ, ಟೈಲ್ಸ್ ಉಳಿದಿವೆ. ಬೆನ್ನಿನಲ್ಲಿ ತಯಾರಾದ ದೇಶದ ಹೆಸರನ್ನು ಓದಬಹುದು. ಕಲ್ಲಿನ ವ್ಯಾಪಾರಿಯಾದ ನನಗೆ ಮನೆಯ ಗೋದಾಮಿಗೆ ಬಂದಂತಾಯಿತು. ಬೆರಳಿನಿಂದ ಪಾಚಿಯನ್ನು ಒರೆಸಿ ನೋಡುವ ಆಸೆಯನ್ನು ತಡೆದುಕೊಂಡೆ. ಏನನ್ನೂ ಮುಟ್ಟಬಾರದು, ಏನನ್ನೂ ತರಬಾರದು ಎಂಬುದು ಇಲ್ಲಿನ ಕಟ್ಟುನಿಟ್ಟಾದ ನಿಯಮ.

ನಾಲ್ಕನೆಯದಾದ ಕಿಮೊನ್ ಎಂ ಹಡಗಿಗೆ ಅಂದು ನೀರಿನ ಸೆಳೆತ ಹೆಚ್ಚಾಗಿದ್ದುದರಿಂದ ಇಳಿಯಲಾಗಲಿಲ್ಲ. ಅದರ ವೃತ್ತಾಂತವು ನಮಗೆ ಇನ್ನೂ ಹತ್ತಿರದ್ದು. ತುರ್ಕಿಯ ಇಸ್ಕಂದರೂನ್ ಬಂದರಿನಿಂದ ಸುಮಾರು 4500 ಟನ್ ಮಸೂರ ಬೇಳೆಯನ್ನು ಹೊತ್ತು ಮುಂಬಯಿಗೆ ಬರುತ್ತಿದ್ದ ಹಡಗದು. 1978ರ ಡಿಸೆಂಬರ್ 12ರಂದು ದಿಬ್ಬಕ್ಕೆ ಬಡಿಯಿತು. ಡೈವರ್‌ಗಳು ಅದನ್ನು ಇಂದಿಗೂ ಬೇಳೆಯ ಹಡಗೆಂದೇ ಕರೆಯುತ್ತಾರೆ.

ಜಿಯಾನಿಸ್ ಡಿ, ಕ್ರಿಸೌಲಾ ಕೆ, ಕಿಮೊನ್ ಎಂ ಈ ಮೂರರ ವಿಷಯದಲ್ಲಿಯೂ ದೋಣಿಯ ಮಾರ್ಗದರ್ಶಕ ಹೇಳಿದ ಕಥೆ ಒಂದೇ. ಸೂಯೆಜ್ ಮಾರ್ಗದ ಇಕ್ಕಟ್ಟಿನಲ್ಲಿ ನಿದ್ದೆಗೆಟ್ಟು ಹಡಗು ನಡೆಸಿದ ಕಪ್ತಾನನು, ವಿಶಾಲ ಸಮುದ್ರ ಸಿಗುತ್ತಿದೆ ಎನ್ನುವಾಗ ಚುಕ್ಕಾಣಿಯನ್ನು ಕೆಳಗಿನ ಅಧಿಕಾರಿಗೆ ಒಪ್ಪಿಸಿ ಮಲಗಲು ಹೋದನು. ಆಗ ನಾನು ಮೂರ್ಖನಂತೆ ತೋರಬಹುದಾದ ಒಂದು ಪ್ರಶ್ನೆಯನ್ನು ಕೇಳಿದೆ: ‘ಹಾಗಾದರೆ ಸರಕಿನವರಿಗೆ ಹಡಗಿನ ಕಂಪನಿಯೇ ಪರಿಹಾರ ಕೊಟ್ಟಿರಬೇಕಲ್ಲವೆ?’ ಪಕ್ಕದಲ್ಲಿ ಕುಳಿತಿದ್ದ, ಸರಕು ಸಾಗಣೆಯ ಕಚೇರಿಯಿಂದ ನಿವೃತ್ತರಾದ ಹಿರಿಯರೊಬ್ಬರು ನಕ್ಕರು.

ಕಪ್ತಾನನ ತಪ್ಪು, ಸರಕಿನವನ ನಷ್ಟ

ನಮ್ಮಲ್ಲಿ ಅನೇಕರು ಹೀಗೆಯೇ ಭಾವಿಸಿದ್ದೇವೆ. ಲಾರಿಯವನ ಅಜಾಗರೂಕತೆಯಿಂದ ಮಾಲು ಹಾಳಾದರೆ ಲಾರಿಯವನು ಕೊಡಬೇಕು, ಅದರಂತೆ ಹಡಗಿನವನೂ ಕೊಡಬೇಕು ಎಂದು. ಕಡಲಿನ ಕಾನೂನು ಹಾಗಿಲ್ಲ. 1924ರ ಹೇಗ್ ನಿಯಮಗಳು, ಅವುಗಳನ್ನು ಅನುಸರಿಸಿ ಬಂದ ನಮ್ಮ 1925ರ ಕಾಯ್ದೆ, ಅದರ ತಿರುಳನ್ನು ಉಳಿಸಿಕೊಂಡು 2025ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಸಮುದ್ರ ಸರಕು ಸಾಗಣೆ ಕಾಯ್ದೆ, ಇವೆಲ್ಲವುಗಳ ಪ್ರಕಾರ ಹಡಗನ್ನು ನಡೆಸುವುದರಲ್ಲಿ ಕಪ್ತಾನ ಅಥವಾ ಸಿಬ್ಬಂದಿ ಮಾಡಿದ ತಪ್ಪಿನಿಂದ ಸರಕಿಗೆ ಒದಗಿದ ಹಾನಿಗೆ ವಾಹಕನು ಹೊಣೆಯಲ್ಲ. ಯಾನದ ಆರಂಭದಲ್ಲಿ ಹಡಗು ಯಾನಯೋಗ್ಯವಾಗಿರುವಂತೆ ತಕ್ಕ ಎಚ್ಚರ ವಹಿಸುವುದು ಅವನ ಕರ್ತವ್ಯ. ಸರಕನ್ನು ಸರಿಯಾಗಿ ತುಂಬಿ, ಕಾಪಾಡುವುದೂ ಅವನ ಕರ್ತವ್ಯ. ಅವುಗಳಲ್ಲಿ ತಪ್ಪಿದರೆ ಹೊಣೆಯುಂಟು. ಅದೂ ಒಂದು ಮಿತಿಯವರೆಗೆ, ಮತ್ತು ಒಂದು ವರ್ಷದೊಳಗೆ ದಾವೆ ಹೂಡಿದರೆ ಮಾತ್ರ. ಕಪ್ತಾನನು ದಾರಿ ತಪ್ಪಿ ದಿಬ್ಬಕ್ಕೆ ಬಡಿದರೆ ಇದಾವುದೂ ಅನ್ವಯಿಸುವುದಿಲ್ಲ. ಬಿಲ್ ಆಫ್ ಲೇಡಿಂಗ್‌ನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಇದೆಲ್ಲವೂ ಇದೆ. ನಾನು ಅದುವರೆಗೆ ಓದಿರಲಿಲ್ಲ.

ಆದುದರಿಂದ ಆ ಮರದ, ಟೈಲ್ಸ್‌ನ, ಬೇಳೆಯ ಒಡೆಯರಿಗೆ ದಿಕ್ಕಾಗಬಹುದಾದದ್ದು ವಿಮೆಯೊಂದೇ.

ಒಡೆಯದ ಹಲಗೆಗೂ ತೆರಬೇಕಾದ ಪಾಲು

ನನ್ನ ಸ್ವಂತ ಅನುಭವವನ್ನು ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಒಂದು ಕಂಟೇನರ್ ಹೊತ್ತಿದ್ದ ಹಡಗು ಮರಳದಿಣ್ಣೆಯ ಮೇಲೆ ಸಿಕ್ಕಿಕೊಂಡಿತು. ಟಗ್ ದೋಣಿಗಳು ಬಂದು ಎಳೆದು ಬಿಡಿಸಿದವು. ನನ್ನ ಗ್ರಾನೈಟ್ ಹಲಗೆ ಒಂದೂ ಒಡೆದಿರಲಿಲ್ಲ. ಆದರೂ ಹಡಗಿನ ಮಾಲೀಕರು ಜನರಲ್ ಆವರೇಜ್ ಘೋಷಿಸಿರುವುದಾಗಿಯೂ, ಭದ್ರತಾ ಠೇವಣಿ ಕಟ್ಟಿದ ಹೊರತು ಸರಕನ್ನು ಬಿಡುವುದಿಲ್ಲವೆಂದೂ ಪತ್ರ ಬಂದಿತು.

ಜನರಲ್ ಆವರೇಜ್ ಬಹು ಪುರಾತನವಾದ ತತ್ತ್ವ. ಗ್ರೀಕರ ರೋಡ್ಸ್ ದ್ವೀಪದ ಕಡಲ ಕಟ್ಟಳೆಯಿಂದ ರೋಮನ್ ಕಾನೂನಿಗೆ ಬಂದದ್ದು. ಬಿರುಗಾಳಿಯಲ್ಲಿ ಹಡಗನ್ನು ಉಳಿಸಲು ಒಬ್ಬನ ಮೂಟೆಯನ್ನು ಎಸೆದರೆ, ಉಳಿದುಕೊಂಡ ಎಲ್ಲರೂ ಆ ನಷ್ಟವನ್ನು ತಮ್ಮ ತಮ್ಮ ಮೌಲ್ಯಕ್ಕೆ ಅನುಗುಣವಾಗಿ ಹಂಚಿಕೊಳ್ಳಬೇಕು. ಬಿಡಿಸಲು ಮಾಡಿದ ಖರ್ಚಿಗೂ ಇದೇ ನ್ಯಾಯ. ಉದಾಹರಣೆಗೆ ಹಡಗಿನ ಮೌಲ್ಯ 60 ಕೋಟಿ, ಎಲ್ಲ ಸರಕುಗಳ ಮೌಲ್ಯ 40 ಕೋಟಿ, ರಕ್ಷಣೆಯ ಖರ್ಚು 5 ಕೋಟಿ ರೂಪಾಯಿ ಎಂದುಕೊಳ್ಳೋಣ. ಪಾಲು ನೂರಕ್ಕೆ ಐದು. 20 ಲಕ್ಷದ ಸರಕಿನವನು ಒಂದು ಲಕ್ಷ ಕೊಡಬೇಕು. ಕಾರ್ನಾಟಿಕ್‌ನಂತೆ ಕೊನೆಗೆ ಹಡಗೇ ಹೋದರೆ, ಉಳಿದ ಮೌಲ್ಯದ ಮೇಲೆ ಮಾತ್ರ ಈ ಲೆಕ್ಕ. ಏನೂ ಉಳಿಯದಿದ್ದರೆ ಲೆಕ್ಕವೂ ಇಲ್ಲ. 2021ರ ಮಾರ್ಚ್ 23ರಿಂದ 29ರವರೆಗೆ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡ ಎವರ್ ಗಿವನ್ ಹಡಗಿನ ಮಾಲೀಕರೂ ಜನರಲ್ ಆವರೇಜ್ ಘೋಷಿಸಿದರು. ಹದಿನೆಂಟು ಸಾವಿರಕ್ಕೂ ಹೆಚ್ಚು ಕಂಟೇನರ್‌ಗಳ ಒಡೆಯರಿಗೆ ಅದು ತಾಗಿತು.

ನನ್ನ ಒಪ್ಪಂದ ಸಿ ಅಂಡ್ ಎಫ್ ಆಧಾರದ ಮೇಲಿತ್ತು, ಎಂದರೆ ಸಾಗಣೆ ವೆಚ್ಚ ನನ್ನದು, ವಿಮೆ ಖರೀದಿದಾರನದು. ಅವನು ವಿಮೆ ಮಾಡಿಸಿಯೇ ಇರಲಿಲ್ಲ. ಹಣ ಪಾವತಿಗೆ ನಾನು ಅರವತ್ತು ದಿನಗಳ ಸಾಲದ ಷರತ್ತನ್ನು ಒಪ್ಪಿದ್ದೆ. ಠೇವಣಿಯ ಸುದ್ದಿ ಕೇಳಿದೊಡನೆ ಅವನು ದಾಖಲೆಗಳನ್ನೇ ಸ್ವೀಕರಿಸಲಿಲ್ಲ. ಒಪ್ಪಂದದ ಪ್ರಕಾರ ಕಡಲಿನ ಅಪಾಯ ಅವನದಾಗಿದ್ದರೂ, ಕಾಗದ ನನ್ನ ಬ್ಯಾಂಕಿನಲ್ಲಿ, ಕಲ್ಲು ಪರದೇಶದ ಬಂದರಿನಲ್ಲಿ, ದಿನದಿನಕ್ಕೂ ಏರುವ ಬಾಡಿಗೆ ನನ್ನ ತಲೆಯ ಮೇಲೆ. ಕೊನೆಗೆ ಠೇವಣಿ ಕಟ್ಟಿ, ಬೇರೊಬ್ಬನಿಗೆ ಬಂದ ಬೆಲೆಗೆ ಮಾರಿದೆ. ಆ ವರ್ಷ ಕೆಲಸಗಾರರಿಗೆ ಹಬ್ಬದ ಬೋನಸ್ ಕೊಡಲು ಪತ್ನಿಯ ಒಡವೆಗಳನ್ನು ಅಡವಿಟ್ಟೆ. ಹಾನಿಯೇ ಆಗದ ಸರಕಿಗೆ ಇಷ್ಟೆಲ್ಲ ಆಯಿತೆಂಬುದೇ ನನ್ನನ್ನು ಬಹುಕಾಲ ಕಾಡಿದ್ದು. ಹಡಗಿನವರು ಮೋಸ ಮಾಡಿದರೆಂದೇ ನಂಬಿದ್ದೆ. ಮೋಸವಿರಲಿಲ್ಲ, ನನ್ನ ಅಜ್ಞಾನವಿತ್ತು.

ಪಾಲಿಸಿಯಲ್ಲಿ ನೋಡಬೇಕಾದದ್ದು

ಸಾಗರ ಸರಕಿನ ವಿಮೆಯಲ್ಲಿ ಎ, ಬಿ, ಸಿ ಎಂಬ ಮೂರು ಬಗೆಯ ಷರತ್ತುಗಳು ರೂಢಿಯಲ್ಲಿವೆ. ಸಿ ಎಂಬುದು ಕನಿಷ್ಠ. ಹಡಗು ಮುಳುಗುವುದು, ನೆಲಕ್ಕೆ ತಾಗುವುದು, ಬೆಂಕಿ, ಡಿಕ್ಕಿ ಇವು ಅದರಲ್ಲಿ ಸೇರುತ್ತವೆ. ಸಮುದ್ರದ ನೀರು ಒಳನುಗ್ಗಿ ಆಗುವ ಹಾನಿ ಬಿ ಯಲ್ಲಿ ಸೇರುತ್ತದೆ, ಸಿ ಯಲ್ಲಿ ಇಲ್ಲ. ಕಳ್ಳತನಕ್ಕೆ ಎ ಬೇಕು. ಜನರಲ್ ಆವರೇಜ್‌ನ ಪಾಲನ್ನು ಮೂರೂ ಭರಿಸುತ್ತವೆ. ಎಂದರೆ ಅತ್ಯಂತ ಅಗ್ಗದ ಪಾಲಿಸಿ ಇದ್ದಿದ್ದರೂ ನನ್ನ ಠೇವಣಿಗೆ ವಿಮಾ ಕಂಪನಿಯ ಖಾತರಿಪತ್ರ ಸಾಕಾಗುತ್ತಿತ್ತು. ಸಿ ಐ ಎಫ್ ಒಪ್ಪಂದದಲ್ಲಿ ಮಾರುವವನು ಕನಿಷ್ಠ ಸಿ ಮಾಡಿಸಿದರೆ ಸಾಕು. ಆದುದರಿಂದ ಆಮದು ಮಾಡಿಕೊಳ್ಳುವ ಸದಸ್ಯರು ‘ವಿಮೆ ಇದೆ’ ಎಂಬ ಮಾತಿಗೆ ತೃಪ್ತರಾಗದೆ ಯಾವ ಬಗೆಯದೆಂದು ಕೇಳಬೇಕು. ಎಫ್ ಓ ಬಿ ಅಥವಾ ಸಿ ಅಂಡ್ ಎಫ್ ಆಧಾರದಲ್ಲಿ ಸಾಲಕ್ಕೆ ಮಾರುವ ರಫ್ತುದಾರರಿಗಾಗಿ, ಖರೀದಿದಾರನು ಕೈಬಿಟ್ಟಾಗ ನೆರವಿಗೆ ಬರುವ ಮಾರಾಟಗಾರರ ಹಿತಾಸಕ್ತಿ ವಿಮೆ ಎಂಬುದೊಂದಿದೆ. ಏಜೆಂಟರು ತಾವಾಗಿ ಅದರ ವಿಚಾರ ಹೇಳುವುದು ಅಪರೂಪ. ದುರ್ಬಲವಾದ ಪ್ಯಾಕಿಂಗ್‌ನಿಂದ ಆದ ಹಾನಿ ಮತ್ತು ವಿಳಂಬದಿಂದ ಆದ ನಷ್ಟವನ್ನು ಎ, ಬಿ, ಸಿ ಮೂರೂ ಹೊರಗಿಡುತ್ತವೆ.

ಯುದ್ಧವೂ ಹೊರಗೆ. ಅಬು ನುಹಾಸ್‌ಗೆ ಅನತಿ ದೂರದ ಶಾಬ್ ಅಲಿಯಲ್ಲಿ ಮೋಟಾರ್ ಸೈಕಲ್, ಲಾರಿಗಳ ಸಮೇತ ಮುಳುಗಿರುವ ಥಿಸಲ್‌ಗಾರ್ಮ್ ಹಡಗನ್ನು 1941ರ ಅಕ್ಟೋಬರ್ 6ರಂದು ಜರ್ಮನ್ ವಿಮಾನ ಬಾಂಬ್ ಹಾಕಿ ಮುಳುಗಿಸಿತು. ಅದು ಹಳೆಯ ಕಥೆ ಎನ್ನುವಂತಿಲ್ಲ. 2024ರ ಫೆಬ್ರವರಿಯಲ್ಲಿ ಹೌತಿಗಳ ಕ್ಷಿಪಣಿಗೆ ಗುರಿಯಾದ ರೂಬಿಮಾರ್ ಹಡಗು ಸುಮಾರು 21,000 ಟನ್ ರಸಗೊಬ್ಬರದೊಂದಿಗೆ ಮಾರ್ಚ್‌ನಲ್ಲಿ ಇದೇ ಕೆಂಪು ಸಮುದ್ರದ ದಕ್ಷಿಣ ಭಾಗದಲ್ಲಿ ಮುಳುಗಿತು. ಯುದ್ಧದ ಅಪಾಯಕ್ಕೆ ಪ್ರತ್ಯೇಕ ಷರತ್ತು, ಪ್ರತ್ಯೇಕ ಪ್ರೀಮಿಯಂ. ನಮ್ಮ ನೆರೆಯಲ್ಲಿಯೇ, 2025ರ ಮೇ 25ರಂದು, ಯುದ್ಧವೂ ದಿಬ್ಬವೂ ಇಲ್ಲದೆ, ಎಂ ಎಸ್ ಸಿ ಎಲ್ಸಾ 3 ಹಡಗು 640 ಕಂಟೇನರ್‌ಗಳೊಂದಿಗೆ ಕೊಚ್ಚಿಯ ಬಳಿ ವಾಲಿ ಮುಳುಗಿದ್ದನ್ನು ಓದುಗರು ಮರೆತಿರಲಾರರು.

ಸಂಜೆ ನಾಲ್ಕರ ವೇಳೆಗೆ ದೋಣಿ ಹಿಂದಿರುಗಿತು. ನಿವೃತ್ತ ಹಿರಿಯರು ನನ್ನ ವಿಮಾನ ಯಾವಾಗ ಎಂದು ವಿಚಾರಿಸಿದರು. ಒಂದೇ ದಿನ ಹಲವು ಬಾರಿ ಆಳಕ್ಕೆ ಇಳಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ರಕ್ತದಲ್ಲಿ ಉಳಿದ ಸಾರಜನಕ ಗುಳ್ಳೆಗಳಾಗುವ ಅಪಾಯವಿದೆ. ನನ್ನದು ಮರುದಿನ ರಾತ್ರಿ ಎಂದೆ. ‘ನಿಮ್ಮ ಪ್ರವಾಸ ವಿಮೆಯಲ್ಲಿ ಸ್ಕೂಬಾ ಸೇರಿದೆಯೆ?’ ಎಂದು ಮುಂದೆ ಕೇಳಿದರು. ಕೋಣೆಗೆ ಬಂದು ಪಾಲಿಸಿಯನ್ನು ತೆಗೆದು ನೋಡಿದೆ. ಹೊರಗಿಟ್ಟ ಅಪಾಯಗಳ ಪಟ್ಟಿಯಲ್ಲಿ, ಪರ್ವತಾರೋಹಣದ ಮುಂದಿನ ಸಾಲಿನಲ್ಲಿಯೇ ಅದಿತ್ತು.